ಅರ್ಧ ಸುತ್ತು ಸಡಿಲ

"ಕಳ್ಳ ಕೆಲಸ ಮಾಡಿ ಕಳಿಸ್ತೀಯಲ್ಲಲೇ, ನಾಚಿಕಿ ಆಗಂಗಿಲ್ಲೇನು ನಿನಗ?" ಜೀಪಿನಿಂದ ಇಳಿಯುವ ಮೊದಲೇ ರಾಜಾಸಾಬ್ ಶುರುಹಚ್ಚಿಕೊಂಡ.

ಇಂಜಿನ್ ಇನ್ನೂ ನಿಂತಿರಲಿಲ್ಲ. ಚಳಿಜ್ವರ ಬಂದವರ ಹಾಗೆ ಜೀಪು ಗಡಗಡ ನಡುಗುತ್ತ ಬಿಳಿ ಹೊಗೆ ಕಾರುತ್ತಿತ್ತು. ಕೊಟ್ಟೂರಿನ ಆ ತಗಡಿನ ಶೆಡ್ಡಿನಲ್ಲಿ ಮೆಕ್ಯಾನಿಕ್ ಇಸ್ರಾರ ಬೋಲ್ಟ್ ಬಿಗಿಯುವ ಪಾನಾ ಕೆಳಗಿಟ್ಟು ಎದ್ದು ನಿಂತ. ಬಂದವನು ಸ್ವಂತ ಅಣ್ಣ. ಬೇರೆ ಗಿರಾಕಿ ಹೀಗೆ ಬೈದಿದ್ದರೆ ಇಷ್ಟು ಹೊತ್ತಿಗೆ ಆ ಪಾನಾ ಹಾರಿರುತ್ತಿತ್ತು.

ಅದು ಅಪ್ಪನ ಕಾಲದ ಪೆಟ್ರೋಲ್ ಜೀಪು. ಉಜ್ಜಿನಿಗೆ ಜನ ಸಾಗಿಸಲು ಪೆಟ್ರೋಲ್ ಗಿಟ್ಟುವುದಿಲ್ಲವೆಂದು, ಗುಜರಿಗೆ ಬಿದ್ದ ಪಿಕಪ್ಪಿನ ಡೀಸೆಲ್ ಇಂಜಿನ್ ತಂದು ಅದಕ್ಕೆ ಕೂಡಿಸಿದವನು ಇಸ್ರಾರನೇ. ಆಗ ಅಣ್ಣತಮ್ಮಂದಿರು ಒಂದೇ ತಟ್ಟೆಯಲ್ಲಿ ಉಣ್ಣುತ್ತಿದ್ದರು. ಆಮೇಲೆ ಮನೆ ಪಾಲಾಯಿತು, ಪಾಲಿನಲ್ಲಿ ಮಾತಿಗೆ ಮಾತು ಬೆಳೆಯಿತು. ನನ್ನ ಹೊಸ್ತಿಲು ತುಳಿದರೆ ಕಾಲು ಮುರಿಯುತ್ತೇನೆಂದು ತಮ್ಮನಿಗೂ ಅವನ ಹೆಂಡತಿ ಸಿಮ್ರಾನಳಿಗೂ ರಾಜಾಸಾಬ್ ಓಣಿಗೆಲ್ಲ ಕೇಳುವಂತೆ ಸಾರಿದ. ಈ ರಂಜಾನಿಗೆ ಆ ಮನೆಯಿಂದ ಒಂದು ಬಟ್ಟಲು ಸುರಕುಂಬಾ ಪಾಯಸ ಕೂಡ ಬರಲಿಲ್ಲ. ಬರುತ್ತಿದ್ದುದು ಜೀಪು ಮಾತ್ರ. ಸರಿ ಮಾಡಿ ಕಳಿಸಿದರೆ ಒಂದೆರಡು ದಿನಕ್ಕೇ ಮತ್ತೆ ನಡುಗುತ್ತ ಹಾಜರಾಗುತ್ತಿತ್ತು.

ನೀನು ಕೂಡಿಸಿದ ಇಂಜಿನ್, ನೀನೇ ಪುಕ್ಕಟೆ ಸರಿ ಮಾಡು ಎಂಬುದು ರಾಜಾಸಾಬನ ವಾದ. ಜಗಳಕ್ಕೆ ಬಲವಿರಲೆಂದು ಹೆಂಡತಿ ಹಮೀದಾ ಬೀಯನ್ನು ಕರೆತರುತ್ತಿದ್ದ. ಬಾಯಲ್ಲಿ ಅವಳು ಗಂಡನಿಗಿಂತ ಒಂದು ಕೈ ಮೇಲು. ಮನೆಯಲ್ಲಿ ಬಿಟ್ಟು ಬರಲು ಯಾರೂ ಇಲ್ಲದ್ದರಿಂದ ಎರಡು ವರ್ಷದ ಗುಲಫಶಾ ಅವಳ ಸೊಂಟದ ಮೇಲೆ ಬರುತ್ತಿದ್ದಳು.

ಇವತ್ತು ಇನ್ನೊಬ್ಬನೂ ಇದ್ದ. ಬಾಡಿಗೆ ಗಾಡಿಯವರ ಮುಖಂಡ ಹೊನ್ನೂರಸ್ವಾಮಿ. ಇಸ್ರಾರನ ಶೆಡ್ಡಿಗೆ ಬರುವ ಗಾಡಿಗಳೆಲ್ಲ ಅವನ ಮಾತಿನ ಮೇಲೆ ಬರುವಂಥವು.

"ನೋಡಪ್ಪ ಇಸ್ರಾರ, ನೀ ಸರಿ ಮಾಡು, ಉಜ್ಜಿನಿತನಕ ಹೋಗಿ ಬರೋಣು. ಗಾಡಿ ನಡುಗಲಿಲ್ಲಂದ್ರ ನಿಮ್ಮಣ್ಣ ಬಾಯಿ ಮುಚ್ಕೊಂತಾನ. ನಡುಗಿದ್ರ ನಮ್ಮ ಗಾಡಿಗೋಳು ನಾಳಿಂದ ಬ್ಯಾರೆ ಕಡಿ."

ಗಾಡಿಗಳು ಹೋದರೆ ಶೆಡ್ಡಿಗೆ ಬೀಗ. ಇಸ್ರಾರ ಬಾನೆಟ್ ಎತ್ತಿದ. ನಾಜಲ್ ಪೈಪುಗಳನ್ನು ಒಂದೊಂದಾಗಿ ಸಡಿಲಿಸಿ ಸದ್ದು ಕೇಳಿದ. ನಾಲ್ಕು ಸಿಲಿಂಡರೂ ಜೀವಂತ. ಟೈಮಿಂಗ್ ಸರಿ ಇತ್ತು. ಇಂಜಿನ್ ಕೂತ ರಬ್ಬರು ಹೊಸದು. ಕೊನೆಗೆ ಕೈ ಹೋದದ್ದು ಡೀಸೆಲ್ ಪೈಪು ಪಂಪಿಗೆ ಕೂಡುವ ಬೋಲ್ಟಿಗೆ. ಅರ್ಧ ಸುತ್ತು ಸಡಿಲ! ಅಲ್ಲಿಂದ ಗಾಳಿ ಎಳೆದುಕೊಂಡರೆ ಇಂಜಿನ್ ನಡುಗದೆ ಇನ್ನೇನು ಮಾಡೀತು? ಹೋದ ಸಲವೂ ಇದೇ ಆಗಿತ್ತು. ಅದರ ಹಿಂದಿನ ಸಲವೂ ಇದೇ.

"ಅಣ್ಣಾ, ಈ ಬೋಲ್ಟ್ ತಾನಾಗೇ ಸಡ್ಲಾಗಂಗಿಲ್ಲ. ಯಾರೋ ಕೈ ಹಾಕ್ಯಾರ."

"ಕುಣೀಲಾರದಾಕಿ ನೆಲ ಡೊಂಕು ಅಂದ್ಲಂತ. ನನ್ನ ಗಾಡಿ ನಾನ ಕೆಡಿಸ್ಕೊಂತೀನೇನಲೇ?"

ಕೆಡಿಸಿಕೊಳ್ಳುತ್ತಾನೆ ಎಂದೇ ಇಸ್ರಾರನಿಗೆ ಅನ್ನಿಸಿತು. ತಮ್ಮನಿಗೆ ಅಪಶಕುನ ಮಾಡಲು ತನ್ನ ಮೂಗು ಕೊಯ್ದುಕೊಳ್ಳುವ ಜಾತಿಯವನು ಇವನು.

ಅತ್ತ ಹೆಂಗಸರ ಯುದ್ಧವೂ ಆರಂಭವಾಗಿತ್ತು. "ಹಿಡ್ಕೊಳ್ಳಾಕ ಆಗಂಗಿಲ್ಲಂದ್ರ ಕೂಸಿನ್ನ ಯಾಕ ತರ್ತೀರಿ ಭಾಬಿ? ಗ್ರೀಸಿನಾಗ ಹೊರಳಾಡ್ತೈತಿ ನೋಡ್ರಿ!" ಶೆಡ್ಡಿನ ಹಿಂದಿನ ಮನೆಯಿಂದ ಬಂದಿದ್ದ ಸಿಮ್ರಾನ ಸಿಡುಕುತ್ತ ಗುಲಫಶಾಳನ್ನು ಎತ್ತಿ ಸೆರಗಿನಿಂದ ಮುಖ ತಿಕ್ಕಿದಳು. ಪ್ರತಿಸಲವೂ ಅವಳದು ಇದೇ ರಗಳೆ.

"ಕೊಡಿಲ್ಲಿ. ನನ್ನ ಕೂಸಿಗೆ ನಿನ್ನ ಕೈ ಬ್ಯಾಡ." ಹಮೀದಾ ಬೀ ಕಸಿದುಕೊಂಡಳು.

ಇಸ್ರಾರ ತಲೆ ಎತ್ತಲಿಲ್ಲ. ಆ ಮಗುವಿನ ಕಡೆ ಅವನು ಎಂದೂ ನೋಡುತ್ತಿರಲಿಲ್ಲ. ಬೋಲ್ಟ್ ಬಿಗಿದು, ಪೈಪಿನ ಗಾಳಿ ತೆಗೆದು ಚಾಲೂ ಮಾಡಿದ. ಇಂಜಿನ್ ಒಂದೇ ಸಮ ಓಡಿತು. ನಿಲ್ಲಿಸಿ, ಬೋಲ್ಟಿನ ತಲೆಯಿಂದ ಪಂಪಿನವರೆಗೆ ಕೆಂಪು ಬಣ್ಣದ ಒಂದು ಗೆರೆ ಎಳೆದ. ಬೋಲ್ಟ್ ಕದಲಿದರೆ ಗೆರೆ ಮುರಿಯುತ್ತದೆ. ದಾರಿಯಲ್ಲಿ ಅಣ್ಣ ಕೈ ಹಾಕಲಿ, ಹೊನ್ನೂರಸ್ವಾಮಿಯ ಮುಂದೆಯೇ ಮಾನ ಕಳೆಯುತ್ತೇನೆ ಎಂದುಕೊಂಡು ಕೈ ತೊಳೆಯಲು ಹಿತ್ತಿಲಿಗೆ ಹೋದ. ಗಂಡಸರಿಬ್ಬರೂ ಎದುರಿನ ಚಹಾದಂಗಡಿಯಲ್ಲಿದ್ದರು. ಹಮೀದಾ ಬೀ ಅಲ್ಲೇ ನಿಂತು ಮೈದುನನ ಪುರಾಣ ಬಿಚ್ಚಿದ್ದಳು. ಗುಲಫಶಾ ಅವಳ ಕೈ ತಪ್ಪಿಸಿಕೊಂಡು ಮತ್ತೆ ಶೆಡ್ಡಿಗೆ ಓಡಿ ಬಂದಿದ್ದಳು.

ಇಸ್ರಾರ ತಿರುಗಿ ಬಂದಾಗ ಗೆರೆ ಮುರಿದಿತ್ತು. ಜೀಪು ಇನ್ನೂ ಹೊರಟೇ ಇರಲಿಲ್ಲ.

ಪಕ್ಕದಲ್ಲಿ ಸಿಮ್ರಾನ. ಒಂದು ಕೈಯಲ್ಲಿ ಪಾನಾ, ಹೆಬ್ಬೆರಳಿಗೆ ಹಸಿ ಕೆಂಪು ಬಣ್ಣ. ಇನ್ನೊಂದು ಕಂಕುಳಲ್ಲಿ ಗುಲಫಶಾ.

ಇಸ್ರಾರನ ಕೈ ಮೇಲೆದ್ದಿತು. "ನೀನಾ? ನನ್ನ ಅನ್ನಕ್ಕ ನೀನ ಮಣ್ಣು ಹಾಕಿದಿ?"

"ಗಾಡಿ ನೆಟ್ಟಗ ಇದ್ರ ಅವರು ಇಲ್ಲಿಗೆ ಯಾಕ ಬರ್ತಾರ?" ಸಿಮ್ರಾನ ದನಿ ಇಳಿಸಿ ಹೇಳಿದಳು. "ಬೇಕಾದ್ರ ಹೊಡೀರಿ. ಬೋಲ್ಟ್ ಮಾತ್ರ ಬಿಗೀಬ್ಯಾಡ್ರಿ."

ಎತ್ತಿದ ಕೈ ಹಾಗೇ ನಿಂತಿತು.

"ಮುಗೀತೇನಲೇ ನಿನ್ನ ನಾಟಕ?" ಅಣ್ಣ ಆಚೆಯಿಂದ ಕೂಗಿದ.

ಅರ್ಧ ಸುತ್ತು ತಿರುಗಿಸಿದ್ದರೆ ಸಾಕಿತ್ತು. ಮರ್ಯಾದೆಯೂ ಉಳಿಯುತ್ತಿತ್ತು, ಶೆಡ್ಡೂ ಉಳಿಯುತ್ತಿತ್ತು. ಇಸ್ರಾರ ಬಾನೆಟ್ ಇಳಿಸಿ ಹೊರಗೆ ಬಂದ.

"ಆಗಲಿಲ್ಲಣ್ಣಾ. ಇಂಜಿನ್ ಕೂಡಿಸೋದ್ರಾಗ ನಾನ ತಪ್ಪೀನಿ."

ಹೊನ್ನೂರಸ್ವಾಮಿ ಚಹಾದ ಲೋಟ ಕೆಳಗಿಟ್ಟ. "ಹಂಗಾರ ನಮ್ಮ ಗಾಡಿ ಆಸೆ ಬಿಟ್ಟುಬಿಡಪ್ಪ" ಎಂದು ಎದ್ದು ಹೋದ.

ರಾಜಾಸಾಬ್ ತೊಡೆ ತಟ್ಟಿ ನಕ್ಕ. "ಇಷ್ಟಕ್ಕ ಬಿಡ್ತೀನಂತ ತಿಳಿದಿಯೇನು? ಸರಿ ಆಗೋತನಕ ಬರ್ತಾನ ಇರ್ತೀನಿ. ಪುಗಸಟ್ಟಿ ಮಾಡಬೇಕು ನೋಡು."

"ಬರ್ರಿ" ಎಂದ ಇಸ್ರಾರ.

ಹಮೀದಾ ಬೀ ಸಿಮ್ರಾನಳ ಕಂಕುಳಿಂದ ಗುಲಫಶಾಳನ್ನು ಕಿತ್ತುಕೊಂಡು ಜೀಪು ಹತ್ತಿದಳು. ಮಗು ಅತ್ತಿತು. ರಾಜಾಸಾಬ್ ಹಿಂದೆ ನೋಡದೆ ಗಾಡಿ ಬಿಟ್ಟ.

ಮನೆ ಒಂದೇ ಇದ್ದಾಗ, ಬಾಣಂತಿಯ ನಲವತ್ತನೇ ದಿನದ ಸ್ನಾನ ಮುಗಿಸಿ, ಮಕ್ಕಳಿಲ್ಲದ ಹಮೀದಾ ಬೀಯ ಮಡಿಲಿಗೆ ಸಿಮ್ರಾನ ತನ್ನ ಕೈಯಾರೆ ಹಾಕಿದ್ದ, ತಾನು ಹೆತ್ತ ಮಗಳು ಗುಲಫಶಾ.