ನಾಲ್ಕನೇ ಮಂಚದ ಮೇಲಿನ ಕಲೆ

ಕ್ಯಾನ್ಸರ್ ವಾರ್ಡಿಗೆ ಬಣ್ಣ ಬಳಿದಿದ್ದವನು ಕಂಟ್ರಾಕ್ಟರ್ ಮರಿಸ್ವಾಮಿ. ಬಣ್ಣದ ತಪಾಸಣೆಗೆ ಬಂದ ಮೇಡಂ ಪಾಸು ಮಾಡಿದರೆ ಸೋಮವಾರ ವಾರ್ಡು ತೆರೆಯುತ್ತಿತ್ತು. ಅವರು ಗೋಡೆಯನ್ನು ಬ್ಲೇಡಿನಿಂದ ಗೀರಿ, ಟೇಪು ಅಂಟಿಸಿ ಕಿತ್ತು ನೋಡಿದರು. ಬಣ್ಣ ಏಳಲಿಲ್ಲ. ಅವರ ಮುಖದಲ್ಲಿ ಮೆಚ್ಚುಗೆಯೂ ಇಲ್ಲ, ಬೇಸರವೂ ಇಲ್ಲ.

ಆಮೇಲೆ ಚಪ್ಪಲಿ ಬಿಟ್ಟು, ನಾಲ್ಕನೇ ಮಂಚದ ಮೇಲೆ ಅಂಗಾತ ಮಲಗಿದರು. ಮರಿಸ್ವಾಮಿ ತಬ್ಬಿಬ್ಬಾದ.

"ಮೇಲೆ ಹಳೇ ನೀರಿನ ಕಲೆ ಕಾಣ್ತಿದೆ. ಪ್ರೈಮರ್ ಹೊಡೀದೇ ಬಣ್ಣ ಬಳಿದಿದ್ದೀರಿ."

"ಸೀಲಿಂಗ್ ಯಾರು ನೋಡ್ತಾರೆ ಮೇಡಂ?"

"ಇಲ್ಲಿ ಮಲಗೋರು ದಿನವಿಡೀ ನೋಡೋದು ಅದನ್ನೇ. ಕೆರೆದು ಮತ್ತೆ ಬಳೀರಿ. ಭಾನುವಾರದೊಳಗೆ ವಾಸನೆನೂ ಹೋಗಿರ್ಬೇಕು."

ಮರಿಸ್ವಾಮಿ ಉಳಿದ ಮಂಚಗಳ ಮೇಲಿನ ಸೀಲಿಂಗಿನತ್ತ ಕಣ್ಣು ಹಾಯಿಸಿದ. ವಾರ್ಡಿನುದ್ದಕ್ಕೂ ಅವನು ಮಾಡಿದ್ದು ಅದೇ ಕೆಲಸ.

"ಉಳಿದ ಬೆಡ್‌ಗಳ ಮೇಲೂ ಮಲಗಿ ನೋಡ್ತೀರಾ ಮೇಡಂ?" ಎಂದು ಅಳುಕುತ್ತಲೇ ಕೇಳಿದ.

ಅವರು ಎದ್ದು ಚಪ್ಪಲಿ ಮೆಟ್ಟಿಕೊಂಡರು.

"ಬೇಡ. ಸೋಮವಾರದಿಂದ ನನಗೆ ಕೊಟ್ಟಿರೋದು ಇದೇ ಬೆಡ್ಡು."