ಜಡೆ ಬೆಸುಗೆ

ದೂರ ಪ್ರಯಾಣದ ಆ ದೊಡ್ಡ ಬೈಕಿಗೆ ಜಯಣ್ಣ ಸ್ಪೀಕರ್ ಕೂರಿಸುತ್ತಿದ್ದರೆ, ಬೈಕ್ ತಂದಿದ್ದ ಹಿರಿಯರೊಬ್ಬರು ಅವನ ಕೈಯನ್ನೇ ನೋಡುತ್ತ ನಿಂತಿದ್ದರು. ಜಯಣ್ಣ ಬ್ಯಾಟರಿಯ ವೈರನ್ನೂ ಆಂಪ್ಲಿಫೈಯರಿನ ವೈರನ್ನೂ ಸುಲಿದು, ತಾಮ್ರದ ಎಳೆಗಳನ್ನು ಜಡೆಯಂತೆ ಹೆಣೆದು ಬೆಸೆದ.

“ನಡುವೆ ಫ್ಯೂಸ್ ಬೇಡ್ವೇನಪ್ಪಾ? ಶಾರ್ಟ್ ಆದ್ರೆ ಬೆಂಕಿ ಹತ್ಕೊಳ್ಳಲ್ವಾ?”

ಜಯಣ್ಣನಿಗೆ ರೇಗಿತು. “ಎಷ್ಟೋ ಬೈಕಿಗೆ ಹೀಗೇ ಹಾಕಿದೀನಿ ಸಾರ್. ಒಬ್ರೂ ಕಂಪ್ಲೇಂಟ್ ಅಂತ ಬಂದಿಲ್ಲ.”

“ಈ ಜಡೆ?”

“ಅದು ನನ್ನದೇ ಕೈಕೆಲಸ. ಈ ಊರಲ್ಲಿ ಇನ್ಯಾರಿಗೂ ಬರಲ್ಲ.”

ಹಿರಿಯರು ಜೇಬಿನಿಂದ ಕರಕಲಾದ ವೈರಿನ ತುಂಡೊಂದನ್ನು ತೆಗೆದು ಅವನ ಅಂಗೈಯಲ್ಲಿಟ್ಟರು. ಅದರ ನಡುವೆ ಅದೇ ಜಡೆ ಇತ್ತು.

“ಬಂದು ಕಂಪ್ಲೇಂಟ್ ಹೇಳೋಕೆ ನನ್ನ ಮಗ ಉಳೀಲಿಲ್ಲ. ಅದಕ್ಕೇ ನಾನು ಬಂದೆ.”