ಮುಟ್ಟಿದರೆ ಸಾಕು

ವಿಜಯಕುಮಾರ ಹೊಡೆದ ಮೊದಲ ಏಟಿಗೇ ಜಯಂತನ ತುಟಿ ಒಡೆಯಿತು. ಎರಡನೆಯ ಏಟಿಗೆ ಅವನು ಅಪಾರ್ಟ್‌ಮೆಂಟಿನ ಕಾರಿಡಾರಿನಲ್ಲಿ ಅಂಗಾತ ಬಿದ್ದ. ಕೈ ಎತ್ತಲಿಲ್ಲ, ತಿರುಗಿ ಬೈಯಲೂ ಇಲ್ಲ.

"ಹೆಂಡ್ತಿ ಮೇಲೆ ಕೈ ಮಾಡ್ತೀಯೇನೋ?" ವಿಜಯಕುಮಾರ ಅವನನ್ನು ಕಾಲರು ಹಿಡಿದು ಎಬ್ಬಿಸಿ ಗೋಡೆಗೆ ಅಪ್ಪಳಿಸಿದ.

ಹಿಂದೆ ನಿಂತಿದ್ದ ಶಾಮಲಾ ಗಂಡನನ್ನು ತಡೆಯಲಿಲ್ಲ. ಪೊಲೀಸರಿಗೆ ಫೋನ್ ಮಾಡಿದ್ದವಳು ಅವಳೇ. ಲಿನ್‌ವುಡ್ ಎಂಬ ಪರದೇಶದ ಊರಿನ ಆ ಕಟ್ಟಡದಲ್ಲಿ ಮನೆಮನೆಯ ನಡುವೆ ಇರುವುದು ರಟ್ಟಿನಂಥ ಗೋಡೆ. ಜಯಂತ, ಜಾಹ್ನವಿ ದಂಪತಿ ಪಕ್ಕದ ಮನೆಗೆ ಬಂದಾಗಿನಿಂದ ಆ ಗೋಡೆಯಾಚೆಯಿಂದ ಹೆಣ್ಣಿನ ಚೀರಾಟ ಕೇಳುತ್ತಿತ್ತು. ಒಂದೇ ಕೂಗು, ಅದೂ ಅರ್ಧಕ್ಕೆ ನಿಂತುಹೋಗುತ್ತಿತ್ತು. ಮರುದಿನ ಲಿಫ್ಟಿನಲ್ಲಿ ಸಿಕ್ಕರೆ ಜಾಹ್ನವಿ ಕಂಬಿ ಹಿಡಿದು ನಿಂತಿರುತ್ತಿದ್ದಳು. ಗಂಡ ಹೆಗಲ ಮೇಲೆ ಕೈಯಿಟ್ಟರೆ ಅವಳ ಮೈ ಸೆಟೆದುಕೊಳ್ಳುತ್ತಿತ್ತು.

ಇಬ್ಬರು ಪೊಲೀಸರು ಬಂದರು. ಮಹಿಳಾ ಅಧಿಕಾರಿ ಜಾಹ್ನವಿಯನ್ನು ಒಳಗೆ ಕರೆದೊಯ್ದು ಕೈ, ಬೆನ್ನು, ಕುತ್ತಿಗೆ ಎಲ್ಲ ನೋಡಿದಳು. ಹೊರಗೆ ಬಂದು ಏನೂ ಇಲ್ಲವೆಂದು ತಲೆಯಾಡಿಸಿದಳು. ಒಂದು ಗೀರಿಲ್ಲ, ಒಂದು ಬಾವಿಲ್ಲ. ಆ ಮಹಡಿಯಲ್ಲಿ ರಕ್ತ ಸುರಿಯುತ್ತಿದ್ದುದು ಜಯಂತನ ಬಾಯಿಂದ ಮಾತ್ರ.

"ಇವರು ನನ್ನನ್ನ ಯಾವತ್ತೂ ಹೊಡೆದಿಲ್ಲ," ಜಾಹ್ನವಿ ಹೇಳಿದಳು. "ನನಗೆ ಕಾಯಿಲೆ ಇದೆ. ಮುಟ್ಟಿದ್ರೆ ಸಾಕು, ನೋವಾಗುತ್ತೆ."

"ಫೈಬ್ರೊಮಯಾಲ್ಜಿಯಾ," ತುಟಿಗೆ ಟಿಶ್ಯೂ ಒತ್ತಿಕೊಂಡೇ ಜಯಂತ ವಿವರಿಸಿದ. "ಸ್ಕ್ಯಾನು, ಬ್ಲಡ್ ಟೆಸ್ಟು, ಎಲ್ಲಾ ನಾರ್ಮಲ್. ಯಾವುದರಲ್ಲೂ ಕಾಣಲ್ಲ. ಆದ್ರೆ ನಮಗೆ ಬೆರಳು ತಾಗಿದಷ್ಟು ಅನ್ಸೋದು ಅವಳಿಗೆ ಸುತ್ತಿಗೇಲಿ ಹೊಡೆದ ಹಾಗೆ. ಕತ್ತಿನ ಬುಡ, ಮೊಣಕೈ, ಮಂಡಿಯ ಒಳಗಡೆ. ಕೆಲವು ಜಾಗದಲ್ಲಂತೂ ತಡೆಯೋಕೇ ಆಗಲ್ಲ."

ಅಡುಗೆಮನೆಯ ಕಟ್ಟೆಯ ಮೇಲೆ ಡಾಕ್ಟರು ಬರೆದುಕೊಟ್ಟ ಮಾತ್ರೆಗಳಿದ್ದವು. ಪೊಲೀಸರು ಅವನ್ನೂ ನೋಡಿದರು. ಆಮೇಲೆ ವಿಜಯಕುಮಾರನ ಕಡೆ ತಿರುಗಿದರು. ಜಯಂತ ಅಡ್ಡ ಬಂದ. ದೂರು ಕೊಡುವುದಿಲ್ಲ ಎಂದ.

"ನಮ್ಮಕ್ಕನಿಗೆ ಹೀಗಾಗ್ತಿದೆ ಅಂತ ಗೊತ್ತಾಗಿದ್ರೆ ನಾನೂ ಹೊಡೀತಿದ್ದೆ ಸರ್."

ವಿಜಯಕುಮಾರ ತಲೆ ತಗ್ಗಿಸಿದ. ಊದಿದ ಮುಷ್ಟಿಯನ್ನು ಎಷ್ಟೋ ದಿನ ಯಾರಿಗೂ ಕಾಣದಂತೆ ಜೇಬಿನಲ್ಲೇ ಇಟ್ಟುಕೊಂಡು ಓಡಾಡಿದ.

ಶಾಮಲಾ ತಪ್ಪನ್ನು ತಿದ್ದಿಕೊಳ್ಳಲು ಹೊರಟಳು. ಸಾರು, ಪಲ್ಯ ಹಿಡಿದು ಆ ಮನೆಗೆ ಹೋಗಿ ಬರತೊಡಗಿದಳು. ಬೆಳಗ್ಗೆ ಏಳುವಾಗ ರಾತ್ರಿಯೆಲ್ಲ ಯಾರೋ ಒನಕೆಯಲ್ಲಿ ಕುಟ್ಟಿಹೋದಂತಿರುತ್ತದೆ ಎಂದಳು ಜಾಹ್ನವಿ. ಕುಪ್ಪಸದ ಹೊಲಿಗೆ ತಾಗಿದರೂ ಉರಿ. ಮಾತಿನ ನಡುವೆ ಪದಗಳು ಮರೆತುಹೋಗುತ್ತವೆ. ನಾಲ್ಕು ಪಾತ್ರೆ ತೊಳೆದು ಕೂರಬೇಕು, ಮತ್ತೆ ನಾಲ್ಕು ತೊಳೆಯಬೇಕು. ಚೆನ್ನಾಗಿದ್ದೇನೆಂದು ಒಂದು ದಿನ ಮನೆಯನ್ನೆಲ್ಲ ಗುಡಿಸಿ ಒರೆಸಿದರೆ ಆಮೇಲೆ ವಾರವಿಡೀ ಹಾಸಿಗೆ. ಬಿಸಿನೀರಿನ ಈಜುಕೊಳದಲ್ಲಿ ಮೆಲ್ಲಗೆ ನಡೆದರೆ ಮೈ ಹಗುರಾಗುತ್ತದೆ ಎಂದು ಡಾಕ್ಟರು ಹೇಳಿದ್ದರಂತೆ. ಶಾಮಲಾ ತಾನೇ ಕಾರಿನಲ್ಲಿ ಕರೆದುಕೊಂಡು ಹೋಗುತ್ತೇನೆಂದಳು.

"ಇವರನ್ನ ಕೇಳ್ತೀನಿ ಅಕ್ಕ."

"ಕೇಳು. ನಿನ್ನ ನೋವನ್ನ ಇಷ್ಟು ಅರ್ಥ ಮಾಡ್ಕೊಂಡಿರೋ ಗಂಡ, ಬೇಡ ಅಂತಾರಾ?"

"ಎಲ್ಲಿ ನೋವು ಅಂತ ಅವರಿಗೆ ಗೊತ್ತಿರೋಷ್ಟು ಡಾಕ್ಟರಿಗೂ ಗೊತ್ತಿಲ್ಲ," ಜಾಹ್ನವಿ ಹೇಳಿದಳು.

"ಪುಣ್ಯವಂತೆ ಕಣೇ ನೀನು."

ಜಾಹ್ನವಿ ಎದ್ದು ಕಾಫಿಗೆ ನೀರಿಟ್ಟಳು.

ಚೀರಾಟವೇನೂ ನಿಲ್ಲಲಿಲ್ಲ. ಆದರೆ ಈಗ ಅದಕ್ಕೊಂದು ಹೆಸರಿತ್ತು. ಕೆಳಮನೆಗೆ ಹೊಸದಾಗಿ ಬಂದವರು ಗಾಬರಿಯಿಂದ ಮೇಲೆ ಬಂದಾಗ ಶಾಮಲಾಳೇ ಬಾಗಿಲಲ್ಲಿ ನಿಂತು ಸಮಾಧಾನ ಹೇಳಿ ಕಳಿಸಿದಳು. ಪೊಲೀಸರನ್ನು ಕರೆಯಬೇಡಿ, ಪಾಪ, ಆ ಹುಡುಗ ಒಮ್ಮೆ ಒದೆ ತಿಂದದ್ದೇ ಸಾಕು ಎಂದಳು.

ಒಂದು ಶನಿವಾರ ಬೆಳಗ್ಗೆ ಶಾಮಲಾ, ವಿಜಯಕುಮಾರ ಇಬ್ಬರೂ ಟಕ್ವಿಲಾದ ಮಾಲ್‌ಗೆ ಹೊರಟರು. ಫ್ರೀವೇಯಲ್ಲಿ ಅಪಘಾತವಾಗಿ ಕಾರುಗಳು ಮೈಲಿಗಟ್ಟಲೆ ನಿಂತಿದ್ದವು. ಅರ್ಧ ದಾರಿಯಿಂದಲೇ ವಾಪಸು ಬಂದರು. ಕೋಟು ಕಳಚುವಷ್ಟರಲ್ಲಿ ಗೋಡೆಯಾಚೆಯಿಂದ ಕೂಗು ಕೇಳಿತು. ಕತ್ತು ಹಿಸುಕಿದ ಪ್ರಾಣಿಯ ಕೂಗಿನಂತಿತ್ತು. ಹಿಂದೆಯೇ ಇನ್ನೊಂದು.

"ಇವತ್ತು ತುಂಬಾ ಜಾಸ್ತಿ ಆಗಿರ್ಬೇಕು," ವಿಜಯಕುಮಾರ ಹೇಳಿದ. "ಹೋಗಿ ನೋಡು."

ಶಾಮಲಾ ಬಟ್ಟೆಯ ಚೀಲದಲ್ಲಿ ಅಕ್ಕಿ ತುಂಬಿ ಬಿಸಿ ಮಾಡಿದಳು. ಶಾಖ ಕೊಟ್ಟರೆ ಜಾಹ್ನವಿಗೆ ಹಿತವಾಗುತ್ತದೆಂದು ಅವಳು ಈಗ ಬಲ್ಲಳು. ಪಕ್ಕದ ಮನೆಯ ಬಾಗಿಲಿಗೆ ಬೀಗ ಹಾಕಿರಲಿಲ್ಲ. ಚಪ್ಪಲಿ ಬಿಟ್ಟು, ಸದ್ದಾಗದಂತೆ ಮಲಗುವ ಕೋಣೆಯವರೆಗೆ ನಡೆದಳು.

ಜಾಹ್ನವಿ ಬೋರಲು ಮಲಗಿದ್ದಳು. ಪಕ್ಕದಲ್ಲಿ ಕೂತ ಜಯಂತ ಅವಳ ಕತ್ತಿನ ಬುಡವನ್ನು ಹೆಬ್ಬೆರಳಿನಿಂದ ಒತ್ತುತ್ತಿದ್ದ. ಮೆಲ್ಲಗೆ, ಎಣ್ಣೆ ತಿಕ್ಕುವವರ ಹಾಗೆ. ಎಂಥ ಗಂಡ ಎಂದುಕೊಂಡಳು ಶಾಮಲಾ. ಆಮೇಲೆ ಅವನ ಇನ್ನೊಂದು ಕೈ ಕಂಡಿತು. ಅದು ಜಾಹ್ನವಿಯ ಮುಖವನ್ನು ದಿಂಬಿಗೆ ಅದುಮಿ ಹಿಡಿದಿತ್ತು.

"ಹೊಡೆದೆನಾ?" ಹೆಬ್ಬೆರಳನ್ನು ಇನ್ನಷ್ಟು ಊರುತ್ತ ಜಯಂತ ಮೃದುವಾಗಿ ಕೇಳುತ್ತಿದ್ದ. "ಹೇಳು, ನಾನೇನಾದ್ರೂ ನಿನ್ನ ಹೊಡೆದೆನಾ?"